ಸಾಕ್ಷಿ ಹೇಳಿದ ಮೇಲೆ ಬಿಟ್ಟ ಗುಳಿಗೆ

ಗುಳಿಗೆ ಬಿಟ್ಟಿದ್ದರ ಫಲವನ್ನು ಉಂಡವಳು ನನ್ನ ಅವ್ವ. ವೇದಿಕೆಯ ಮೇಲೆ ಮೈಕ್ ಹಿಡಿದಿದ್ದ ಬೋಧಕರಿಗೆ ಏನೂ ಆಗಲಿಲ್ಲ. ಚಪ್ಪಾಳೆ ತಟ್ಟಿದ ಸಭೆಗೆ, ‘ಹಲ್ಲೆಲೂಯಾ’ ಎಂದ ನಮ್ಮ ಪಾಸ್ಟರ್ ಅಯ್ಯನವರಿಗೆ, ಚೀಟಿ ಬರೆದು ಕೈತೊಳೆದುಕೊಂಡ ವೈದ್ಯರಿಗೆ ಕೂಡ ಏನೂ ಆಗಲಿಲ್ಲ. ಬಲಗೈ ಬಿದ್ದುಹೋದದ್ದು ಅವ್ವನದು, ಮಾತು ನಿಂತದ್ದು ಅವ್ವನದು, ಮಣ್ಣಿಗೆ ಹೋದದ್ದೂ ಅವ್ವನೇ. ಇದನ್ನು ಮೊದಲೇ ಹೇಳದಿದ್ದರೆ ಮುಂದಿನದನ್ನೆಲ್ಲ ಜನ ‘ದೇವರ ಚಿತ್ತ’ ಎಂದು ಓದಿ ಮಡಚಿಡುತ್ತಾರೆ. ಅದಕ್ಕೆ ಅವಕಾಶ ಕೊಡಬಾರದೆಂದು ಬರೆಯಲು ಕುಳಿತಿದ್ದೇನೆ.

ನಮ್ಮ ಮನೆ ಕಮಲಾಪುರದಲ್ಲಿದೆ. ನಾನು ಕಲಬುರಗಿಯ ಬ್ರಹ್ಮಪುರದಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು, ಮನೆಗೆಲಸದ ಹೆಂಗಸರ ಸಂಘಟನೆಯೊಂದರಲ್ಲಿ ದುಡಿಯುತ್ತೇನೆ. ಬಿಡುವಾದ ಶನಿವಾರ ಹುಮನಾಬಾದ್ ಕಡೆಯ ಬಸ್ಸು ಹಿಡಿದು ಊರಿಗೆ ಹೋಗುವುದು, ಭಾನುವಾರ ಆರಾಧನೆ ಮುಗಿಸಿ ಉಂಡು ಮರಳುವುದು ರೂಢಿ. ಅಜ್ಜನ ಕಾಲದಿಂದ ನಾವು ಕ್ರೈಸ್ತರು. ಅಪ್ಪ ಶಾಲೆಯೊಂದರಲ್ಲಿ ಜವಾನನಾಗಿದ್ದು ನಿವೃತ್ತನಾದವನು. ಅವ್ವ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಖಾನಾವಳಿಗೆ ಬಿಸಿರೊಟ್ಟಿ, ಮದುವೆಯ ಮನೆಗಳಿಗೆ ಒಣಗಿಸಿಟ್ಟ ಕಟಕ್‌ ರೊಟ್ಟಿ. ನಮ್ಮ ಓಣಿಯವರಿಗೆ ಬೆಳಗಾಯಿತೆಂದು ತಿಳಿಸುತ್ತಿದ್ದದ್ದು ಅವಳ ಅಂಗೈಯ ಸಪ್ಪಳ.

ಒಲೆ ಹೊತ್ತಿಸುವ ಮೊದಲು ಅವಳು ಹಿಟ್ಟಿನ ಕೈಯಲ್ಲೇ ಕಣ್ಣು ಮುಚ್ಚುತ್ತಿದ್ದಳು. ಆ ಪ್ರಾರ್ಥನೆ ಬಹಳ ಚಿಕ್ಕದು: “ಕರ್ತನೇ, ಹಿಟ್ಟು ಚಲೋ ಬರ್ಲಿ, ಮಕ್ಕಳು ಚಲೋ ಇರ್ಲಿ.”

“ಮಕ್ಕಳಿಗಿಂತ ಹಿಟ್ಟು ಮೊದ್ಲೇನಬೆ?” ಎಂದು ನಾನೊಮ್ಮೆ ಕೆಣಕಿದ್ದೆ.

“ಹಿಟ್ಟು ಕೆಟ್ರ ಇವತ್ತೇ ಉಪವಾಸ. ನೀ ಕೆಡ್ಲಾಕ ಇನ್ನಾ ಟೈಮ್ ಅದ” ಎಂದಿದ್ದಳು.

ಬಿಪಿ ಇದೆ ಎಂದು ತಿಳಿದದ್ದು ಒಂದು ಬೇಸಿಗೆಯಲ್ಲಿ. ಹಂಚಿನ ಮುಂದೆ ತಲೆ ತಿರುಗಿ ಕುಸಿದಳೆಂದು ಅಪ್ಪ ಫೋನ್ ಮಾಡಿದಾಗ ನಾನೇ ಅವಳನ್ನು ನಗರದ ಖಾಸಗಿ ವೈದ್ಯರೊಬ್ಬರಿಗೆ ತೋರಿಸಿದೆ. ಅವರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ ನೋಡಿ, ಗುಳಿಗೆ ಬರೆದುಕೊಟ್ಟರು.

“ಎಷ್ಟ್ ದಿನ ನುಂಗಬೇಕ್ರಿ ಸರ?” ಅವ್ವ ಕೇಳಿದಳು.

“ಎಲ್ಲಾ ಬರ್ದೀನಲ್ಲಮ್ಮಾ. ನಡೀರಿ, ಹಿಂದಿನವ್ರು ಬರ್ಲಿ.”

ಇದು ಸಣ್ಣ ಅಪಚಾರವಲ್ಲ. ಈ ರೋಗ ನೋಯುವುದಿಲ್ಲ, ಗುಳಿಗೆಯಿಂದ ಹಿಡಿತದಲ್ಲಿರುತ್ತದೆ, ಆರಾಮವೆನಿಸಿದರೂ ಬಿಡುವಂತಿಲ್ಲ ಎಂಬುದನ್ನು ರೋಗಿಗೆ ಅವಳ ಭಾಷೆಯಲ್ಲಿ ತಿಳಿಸುವುದು ವೈದ್ಯರ ಕೆಲಸವೇ ಹೊರತು ಬಸ್ಸಿನಲ್ಲಿ ಪಕ್ಕ ಕುಳಿತ ಮಗಳದಲ್ಲ. ಮಗಳು ಹೇಳಿದಳು, ಅವ್ವ ಕೇಳಿಸಿಕೊಂಡಳು. “ನೋಯ್ಲಾರದ ರೋಗ ಅದೆಂಥಾದ್ದವ್ವ” ಎಂದು ನಕ್ಕಳು. ಆದರೂ ದಿನಾ ತೆಗೆದುಕೊಂಡಳು. ಕಿಟಕಿಯ ಕಟ್ಟೆಯ ಮೇಲೆ ಸತ್ಯವೇದ, ಅದರ ಪಕ್ಕ ಗುಳಿಗೆಯ ಪಟ್ಟಿ, ಅದರ ಪಕ್ಕ ನೀರಿನ ತಂಬಿಗೆ.

ನಮ್ಮ ಪಾಸ್ಟರ್ ಅಯ್ಯನವರು ಆರಾಧನೆಯ ನಂತರ ಆಗಾಗ ನಮ್ಮಲ್ಲಿಯೇ ಊಟಕ್ಕೆ ಬರುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಕೂರುವ ಮುಂಚೆ ಅಂಗಿಯ ಜೇಬಿನಿಂದ ಗುಳಿಗೆ ತೆಗೆಯುವರು, ಅವ್ವ ನೀರು ಕೊಡುವಳು. “ಅಯ್ಯನವ್ರದು ಊಟಕ್ಕ ಮೊದ್ಲು, ನಂದು ಊಟ ಆದ್ಮ್ಯಾಲ” ಎಂದು ಅವಳು ನಗುತ್ತಿದ್ದಳು. ಈ ನೀರಿನ ಲೋಟವನ್ನು ಓದುವವರು ನೆನಪಿಡಬೇಕು.

ಮುಂದಿನ ವರ್ಷ ಕಲಬುರಗಿಯ ಬಯಲೊಂದರಲ್ಲಿ ಶಾಮಿಯಾನ ಹಾಕಿ ಸ್ವಸ್ಥತೆಯ ಕೂಟ ನಡೆಸಿದರು. ಬೋಧಕರು ಹೊರರಾಜ್ಯದವರು, ಪಕ್ಕದಲ್ಲಿ ಒಬ್ಬರು ಕನ್ನಡಕ್ಕೆ ತಿರುಗಿಸುತ್ತಿದ್ದರು. ಅವ್ವ ತನ್ನ ತಂಗಿಯೊಂದಿಗೆ, ಅಂದರೆ ನನ್ನ ಸಣ್ಣವ್ವನೊಂದಿಗೆ, ಹೋಗಿದ್ದಳು. ಸಣ್ಣವ್ವ ವಿಧವೆ, ನಮ್ಮ ಮನೆಯ ಹಿಂದೆಯೇ ಇರುತ್ತಾಳೆ. ತಲೆನೋವು ಹೋಗಿದೆ, ಬಿಪಿ ಹೋಗಿದೆ, ಸಕ್ಕರೆ ಹೋಗಿದೆ ಎಂದು ವಿಶ್ವಾಸ ಇರುವವರು ಕೈ ಎತ್ತಬೇಕೆಂದು ಮೈಕಿನಲ್ಲಿ ಕೂಗಿದಾಗ ಅವ್ವ ಕೈ ಎತ್ತಿದಳು. ಅವಳ ತಲೆನೋವು ನಿಜವಾಗಿಯೂ ಹೋಗಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹಾಡು, ಜನ, ಯಾರೋ ಅಕ್ಕರೆಯಿಂದ ತಲೆಯ ಮೇಲೆ ಇಟ್ಟ ಕೈ, ಇವುಗಳಿಂದ ತಲೆನೋವು ಹೋಗಬಹುದು. ಪ್ರಾರ್ಥನೆಯಿಂದಲೂ ಹೋಗಬಹುದು, ನಾನದನ್ನು ನಂಬುವವಳೇ. ಆದರೆ ತಲೆನೋವು ಬೇರೆ, ಬಿಪಿ ಬೇರೆ. ಅಷ್ಟು ದೊಡ್ಡ ಕೂಟದಲ್ಲಿ ಒಬ್ಬರೂ ಇದನ್ನು ಹೇಳಲಿಲ್ಲ.

ಅದರ ಮುಂದಿನ ಭಾನುವಾರ ನಮ್ಮ ತಗಡಿನ ಛಾವಣಿಯ ಸಣ್ಣ ಸಭೆಯಲ್ಲಿ ಅವ್ವ ಸಾಕ್ಷಿ ಹೇಳಿದಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹಾಡುಗಳ ನಂತರ ಬೋಧನೆಗೆ ಮೊದಲು ಒಂದು ಹೊತ್ತು ಇರುತ್ತದೆ. ದೇವರು ತಮಗೆ ಮಾಡಿದ ಉಪಕಾರವನ್ನು ಯಾರು ಬೇಕಾದರೂ ಎದ್ದು ಹೇಳಬಹುದು. ಮಗ ಪಾಸಾದ, ಕಳೆದ ಕರು ಸಿಕ್ಕಿತು, ಹೆರಿಗೆ ಸುಸೂತ್ರ ಆಯಿತು. ಅವ್ವ ನಾಚಿಕೆಯವಳು, ಯಾವತ್ತೂ ಎದ್ದವಳಲ್ಲ. ಅಂದು ಎದ್ದು, “ಕರ್ತ ನನ್ನ ಬಿಪಿ ತಗದಾನ್ರಿ. ತಲಿ ಹಗೂರ ಆಗ್ಯಾದ” ಎಂದಳಂತೆ. ಚಪ್ಪಾಳೆ ಬಿತ್ತು. ಅಯ್ಯನವರು ‘ಹಲ್ಲೆಲೂಯಾ’ ಎಂದರು. ನಾನು ಅಲ್ಲಿರಲಿಲ್ಲ, ನನಗೆ ಹೇಳಿದವನು ಅಪ್ಪ, ಹೆಮ್ಮೆಯಿಂದಲೇ ಹೇಳಿದ.

ಊರಿಗೆ ಹೋದಾಗ ಕಿಟಕಿಯ ಕಟ್ಟೆಯ ಮೇಲೆ ಗುಳಿಗೆಯ ಪಟ್ಟಿ ಹಾಗೆಯೇ ಇತ್ತು. ಅದರ ಮೇಲೆ ಜೋಳದ ಹಿಟ್ಟಿನ ಧೂಳು ಕುಳಿತಿತ್ತು.

“ಗುಳಿಗಿ ಯಾಕ ತಗೊಂಡಿಲ್ಲಬೆ?”

“ಸಾಕ್ಷಿ ಹೇಳೀನಿ.”

“ಹೇಳಿದ್ರ ಏನಾಯ್ತು?”

“ಏನಾಯ್ತು ಅಂತಿಯಲ್ಲ! ಮಂದಿ ಮುಂದ ನಿಂತು ಕರ್ತ ತಗದಾನ ಅಂದು, ಮನಿಗಿ ಬಂದು ಕದ್ದು ಗುಳಿಗಿ ನುಂಗಿದ್ರ ಯಾರು ಸುಳ್ಳಾದ್ರು? ನಾ ಸುಳ್ಳಾಗ್ಲಿ, ಆತನ್ನ ಸುಳ್ಳ ಮಾಡ್ಲೇನು?”

“ಅಯ್ಯನವ್ರು ತಗೋತಾರಲ್ಲ, ನಮ್ಮ ಮನ್ಯಾಗೇ ಕೂತು?”

“ಅವ್ರು ಸಾಕ್ಷಿ ಹೇಳಿಲ್ಲಲ್ಲ.”

ನಾನು ದನಿ ಏರಿಸಿದೆ. ಅವ್ವ ರೊಟ್ಟಿ ತಿರುವುತ್ತಲೇ ಮಾತಾಡಿದಳು. “ನೋಡವ್ವ, ನೀ ಜಗತ್ ಸರ್ಕಲ್‌ದಾಗ ಮೈಕ್ ಹಿಡ್ಕೊಂಡು ಸಾಹುಕಾರ್ರ ಮುಂದ ಒಂದ್ ಮಾತ್ ಹೇಳ್ತಿ. ಮನಿಗಿ ಬಂದು ಅದಕ್ಕ ಉಲ್ಟಾ ನಡೀತಿ ಏನು?”

“ಇಲ್ಲ.”

“ಮತ್ತ ನಂಗ್ಯಾಕ ನಡಿ ಅಂತಿ? ನಿನ್ನ ಧರಣಿ ನನ್ನ ಅಡಗಿ ಮನ್ಯಾಗ ಚಾಲೂ ಮಾಡಬ್ಯಾಡ, ರೊಟ್ಟಿ ಸೀತಾವ.”

ಆಡಿದ ಮಾತಿಗೆ ತಪ್ಪಬಾರದೆಂದು ನನಗೆ ಕಲಿಸಿದವಳು ಅವಳೇ. ಅದೇ ಪ್ರಾಮಾಣಿಕತೆ ಅವಳ ಔಷಧಿಗೆ ಅಡ್ಡ ನಿಂತಿತ್ತು.

ಗೆಳತಿಯೊಬ್ಬಳಿಂದ ಬಿಪಿ ನೋಡುವ ಯಂತ್ರ ತಂದು ಮರುವಾರ ತೋಳಿಗೆ ಕಟ್ಟಿದೆ. ಅಂಕಿ ಬಹಳ ಮೇಲಿತ್ತು. ಅವ್ವನಿಗೆ ತೋರಿಸಿದೆ. ಪಕ್ಕದಲ್ಲಿದ್ದ ಸಣ್ಣವ್ವ, “ಇದು ಶೋಧನೆ ಅಕ್ಕಾ, ವಿಶ್ವಾಸದ ಪರೀಕ್ಷಾ. ಸ್ವಸ್ಥ ಆದ್ಮ್ಯಾಲ ಸೈತಾನ ಹಿಂಗ ಹೆದರಸ್ತಾನ ಅಂತ ಕೂಟದವ್ರು ಮೊದ್ಲೇ ಹೇಳ್ಯಾರ” ಎಂದಳು. ಅವ್ವ ತಲೆಯಾಡಿಸಿದಳು. ಆ ಕೂಟದವರು ಮಾಡಿದ ತಪ್ಪುಗಳಲ್ಲಿ ಅತ್ಯಂತ ಘೋರವಾದದ್ದು ಇದೇ. ವಾಸಿಯಾಯಿತೆಂದು ಘೋಷಿಸಿದ್ದಲ್ಲದೆ, ವಾಸಿಯಾಗಿಲ್ಲವೆಂದು ತೋರಿಸುವ ಪ್ರತಿಯೊಂದು ಗುರುತನ್ನೂ ಸೈತಾನನ ಲೆಕ್ಕಕ್ಕೆ ಬರೆದಿಟ್ಟು ಹೋಗಿದ್ದರು. ಇನ್ನು ನಾನು ಏನನ್ನು ತೋರಿಸಿ ಅವಳನ್ನು ಒಪ್ಪಿಸಬೇಕಿತ್ತು?

ಉಳಿದದ್ದು ಒಂದೇ ದಾರಿ. ಅವಳು ತಳ್ಳಿಹಾಕಲಾರದ ಬಾಯಿಯೊಂದು ಹೇಳಬೇಕಿತ್ತು. ಅಯ್ಯನವರ ಬಳಿಗೆ ಹೋದೆ.

“ನಾ ಬಿಡು ಅಂದಿಲ್ಲಮ್ಮಾ” ಎಂದರು.

“ತಗೋ ಅಂತಾದ್ರೂ ಹೇಳ್ರಿ. ನೀವ್ ಹೇಳಿದ್ರ ಕೇಳ್ತಾಳ.”

“ಸಭಾದಾಗ ಸಾಕ್ಷಿ ಆಗ್ಯಾದ. ಈಗ ನಾನೇ ಗುಳಿಗಿ ತಗೋ ಅಂದ್ರ ಮಂದಿ ವಿಶ್ವಾಸ ಏನಾಗ್ಬೇಕು? ಹೊಸಬ್ರು ಎಡವ್ತಾರ.”

“ಎಡವಿದವ್ರು ಎದ್ದೇಳ್ತಾರ್ರಿ ಅಯ್ಯನವ್ರ. ನಮ್ಮವ್ವ ಬಿದ್ರ ಏಳಂಗಿಲ್ಲ.”

“ಪ್ರಾರ್ಥನಾ ಮಾಡ್ತೀನಿ” ಎಂದರು. ಮಾಡಿರಲೂಬಹುದು. ಅವರು ಕೆಟ್ಟ ಮನುಷ್ಯರಲ್ಲ. ನಮ್ಮ ಅಜ್ಜಿ ಹಾಸಿಗೆ ಹಿಡಿದಾಗ ತಿಂಗಳುಗಟ್ಟಲೆ ಬಂದು ಪಕ್ಕದಲ್ಲಿ ಕುಳಿತವರು. ಹಾಗಿದ್ದೂ ಆ ದಿನ ಅವರು ಹೇಳಬೇಕಾಗಿದ್ದ ಒಂದು ವಾಕ್ಯವನ್ನು ಹೇಳಲಿಲ್ಲ. ಒಳ್ಳೆಯವರು ಬಾಯಿ ಮುಚ್ಚಿಕೊಂಡಿದ್ದರಿಂದ ಆಗುವ ಹಾನಿ ಹಾನಿಯೇ.

ಮಳೆಗಾಲ ಮುಗಿಯುತ್ತಿದ್ದ ಒಂದು ಬೆಳಗ್ಗೆ ಅಪ್ಪ ಅಂಗಳದಲ್ಲಿ ಕುಳಿತು ಹುರಿಹಗ್ಗ ಬಿಡಿಸುತ್ತಿದ್ದ. ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ನೀರಿಗೆ ಎದ್ದಿರಬೇಕೆಂದುಕೊಂಡ. ರೊಟ್ಟಿ ಸೀದ ವಾಸನೆ ಬಂದಾಗ ಒಳಗೆ ಹೋದ. ಅವ್ವ ಗೋಡೆಗೆ ಒರಗಿದ್ದಳು, ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಹಿಟ್ಟಿನ ಉಂಡೆ ಎಡಗೈಯಲ್ಲಿತ್ತು. ಲಕ್ವ ಹೊಡೆದಿತ್ತು. ಪಕ್ಕದ ಮನೆಯವರು ತಮ್ಮ ಗಾಡಿಯಲ್ಲಿ ಕಲಬುರಗಿಗೆ ಕರೆತಂದರು. ನಾನು ಕೆಲಸದಿಂದ ನೇರವಾಗಿ ದವಾಖಾನೆಗೆ ಹೋದೆ.

“ಬಿಪಿ ಗುಳಿಗಿ ತಗೋತಿದ್ರೇನು?” ಎಂದು ಅಲ್ಲಿದ್ದ ವೈದ್ಯೆ ಕೇಳಿದರು. ಅಪ್ಪ ಸಣ್ಣವ್ವನ ಮುಖ ನೋಡಿದ. ಸಣ್ಣವ್ವ ನೆಲ ನೋಡಿದಳು. ನಾನೇ ಉತ್ತರ ಹೇಳಿದೆ.

ಅವ್ವನಿಗೆ ಕೇಳಿಸುತ್ತಿತ್ತು. ಮಾತು ಮಾತ್ರ ಹೊರಡುತ್ತಿರಲಿಲ್ಲ. ಅಪ್ಪ ಹಾಸಿಗೆಯ ಪಕ್ಕ ನಿಂತು ಪ್ರಾರ್ಥನೆ ಮಾಡಿದ. ಕೊನೆಯಲ್ಲಿ ಅವ್ವ ಆಮೆನ್ ಎನ್ನಲಾಗದೆ ನನ್ನ ಬೆರಳು ಒತ್ತಿದಳು. ಮರುದಿನ ಎಡಗೈಯನ್ನು ಮತ್ತೆ ಮತ್ತೆ ಬಾಯಿಯ ಬಳಿ ತಂದಳು. “ಗುಳಿಗಿ ಕೇಳ್ಲಾಕತ್ತಾಳ” ಎಂದು ಸಣ್ಣವ್ವ ಅತ್ತಳು. ಹಾಗೆಂದು ನಾನು ಬರೆಯಲಾರೆ. ನೀರು ಕೇಳಿರಬಹುದು, ಪ್ರಾರ್ಥಿಸುತ್ತಿದ್ದಿರಬಹುದು. ಗುಳಿಗೆ ಕೇಳಿದಳೆಂಬುದು ನನ್ನ ವಾದಕ್ಕೆ ಅನುಕೂಲವಾದ ಅರ್ಥ, ಅಷ್ಟೇ. ಆ ವಾರ ಕಳೆಯುವುದರೊಳಗೆ ಅವಳು ತೀರಿಕೊಂಡಳು.

ಸಮಾಧಿಯ ಬಳಿ ಅಯ್ಯನವರು, ಕರ್ತನು ತನ್ನ ಮಗಳನ್ನು ತನ್ನ ಸಮಯದಲ್ಲಿ ಕರೆದುಕೊಂಡನು ಎಂದರು. ನಾನು ಅಲ್ಲಿ ಎದುರು ಮಾತಾಡಲಿಲ್ಲ; ಅಪ್ಪ ನನ್ನ ತೋಳು ಹಿಡಿದಿದ್ದ. ಇಲ್ಲಿ ಹೇಳುತ್ತೇನೆ: ಮನುಷ್ಯರ ಹೊಣೆಯನ್ನು ದೇವರ ತಲೆಗೆ ಕಟ್ಟುವುದು ಭಕ್ತಿಯಲ್ಲ.

ಒಂದು ವಾರದ ಮೇಲೆ, ನಮ್ಮ ಸಭೆಗೆ ಎಂದೂ ಕಾಲಿಡದ ಪಕ್ಕದ ಮನೆಯ ಲಿಂಗಾಯತರ ಹೆಂಗಸು ಬಟ್ಟೆಯಲ್ಲಿ ಕಟ್ಟಿದ ಕಟಕ್‌ ರೊಟ್ಟಿ ತಂದಳು. “ಆಕಿನೇ ಬಡಿದಿದ್ದು ತಂಗಿ. ಮದುವಿಗಂತ ತಗೊಂಡಿದ್ವಿ, ಉಳದಾವ. ನಮಗ ತಿನ್ಲಾಕ ಮನಸ ಆಗವಲ್ದು.” ಅಪ್ಪ, ಸಣ್ಣವ್ವ, ನಾನು ಕುಳಿತು ಅವ್ವನ ರೊಟ್ಟಿಯನ್ನು ಪುಂಡಿಪಲ್ಯದೊಂದಿಗೆ ಉಂಡೆವು. ಉಣ್ಣುವ ಮೊದಲು ಅಪ್ಪ ಪ್ರಾರ್ಥಿಸಿದ. ನಾನು ಆಮೆನ್ ಎಂದೆ. ಈಗಲೂ ಭಾನುವಾರ ಹೋಗುತ್ತೇನೆ, ಹಾಡುತ್ತೇನೆ. ಅವ್ವ ಕಣ್ಣು ಮುಚ್ಚಿ ನಂಬಿದ ದೇವರನ್ನು ಈ ಜನರ ತಪ್ಪಿಗಾಗಿ ಬಿಟ್ಟುಕೊಡಲು ನಾನು ಸಿದ್ಧಳಿಲ್ಲ.

ಈಗ ಬರೆಯಲು ಕಾರಣವಿದೆ. ಅದೇ ಕೂಟ ಮತ್ತೆ ನಡೆದಿದೆ, ಸಣ್ಣವ್ವ ಹೋಗಿಬಂದಿದ್ದಾಳೆ. ಅವ್ವ ಹೋದ ಮೇಲೆ ಸಣ್ಣವ್ವನಿಗೂ ಬಿಪಿ ಇರುವುದು ಗೊತ್ತಾಗಿ, ಅವಳೂ ಗುಳಿಗೆ ತೆಗೆದುಕೊಳ್ಳುತ್ತಿದ್ದಾಳೆ. ಹೋದ ವಾರ ಅವಳು ಅವ್ವನ ಹಂಚಿನ ಮುಂದೆ ಕುಳಿತು ಹೇಳಿದಳು:

“ಈ ಸಲ ಭಾಳ ಹಗೂರ ಅನಸ್ಲಾಕತ್ತದ. ಬರೋ ಐತಾರ ಸಾಕ್ಷಿ ಹೇಳು ಅಂದಾರ.”

“ಯಾರಂದ್ರು?”

“ಅಯ್ಯನವ್ರೇ.”

“ನೀ ಏನಂದಿ?”

“ಹೂಂ ಅಂದೀನಿ. ಇಲ್ಲಾಂತ ಹ್ಯಾಂಗನ್ಲಿ ಮಗಳ? ಅಕ್ಕನ ವಿಶ್ವಾಸ ಕಮ್ಮಿ ಬಿತ್ತು ಅಂತಾರ ಮಂದಿ. ನಂದೂ ಕಮ್ಮಿ ಅಂದ್ರ?”

ಸತ್ತವಳ ವಿಶ್ವಾಸ ಸಾಲಲಿಲ್ಲ ಎಂದು ಓಣಿಯಲ್ಲಿ ಹೇಳಿಕೊಂಡು ತಿರುಗುವವರಿಗೆ ನಾನು ಉತ್ತರ ಕೊಡುವುದಿಲ್ಲ. ಕೊಟ್ಟ ಮಾತಿಗೆ ಪ್ರಾಣವನ್ನೇ ಕೊಟ್ಟವಳ ವಿಶ್ವಾಸವನ್ನು ಅಳೆಯುವ ಅಧಿಕಾರ ಅವರಿಗಿಲ್ಲ. ಕೂಟ ನಡೆಸುವವರಿಗೆ ಹೇಳುವುದಿಷ್ಟು: ಕೈ ಎತ್ತಿ ಎಂದು ಕೂಗುವ ಅದೇ ಮೈಕಿನಲ್ಲಿ, ಅದೇ ಉಸಿರಿನಲ್ಲಿ, ವೈದ್ಯರು ಹೇಳದೆ ಯಾರೂ ಔಷಧಿ ಬಿಡಬಾರದು ಎಂದು ಹೇಳಿ. ಹೇಳಲಾಗದಿದ್ದರೆ ರೋಗಗಳ ಹೆಸರು ಎತ್ತಬೇಡಿ.

ಮತ್ತು ನೀವು, ಪಾಸ್ಟರ್ ಅಯ್ಯನವರೇ. ಬರುವ ಭಾನುವಾರ ನನ್ನ ಸಣ್ಣವ್ವ ಸಾಕ್ಷಿ ಹೇಳಲು ಏಳುವ ಮೊದಲು ನೀವು ಎದ್ದು ನಿಲ್ಲಬೇಕು. ನಮ್ಮ ಮನೆಯಲ್ಲಿ ನನ್ನ ಅವ್ವನ ಕೈಯಿಂದ ನೀರು ಇಸಿದುಕೊಂಡು ನುಂಗುತ್ತಿದ್ದ ಸಕ್ಕರೆಯ ಗುಳಿಗೆಯನ್ನು ಜೇಬಿನಿಂದ ತೆಗೆದು, ಇಡೀ ಸಭೆಗೆ ಕಾಣುವಂತೆ ನುಂಗಬೇಕು. ‘ಇದರಿಂದ ನನ್ನ ದೇವರು ಸುಳ್ಳಾಗಲಿಲ್ಲ’ ಎಂದು ನಿಮ್ಮ ಬಾಯಿಂದಲೇ ಹೇಳಬೇಕು. ಆಮೇಲೆ ನಾನು ತರುವ ಅವ್ವನ ತಂಬಿಗೆಯಿಂದ ಒಂದು ಲೋಟ ನೀರು ಬಗ್ಗಿಸಿ ನನ್ನ ಸಣ್ಣವ್ವನ ಕೈಗೆ ಕೊಡಬೇಕು. ಅವಳ ಗುಳಿಗೆಯನ್ನು ನಾನು ತಂದಿರುತ್ತೇನೆ.