ಪತ್ರಾ ಗೋಡೆಯ ಕಾವಲು

ಜುಗೂಳದ ನಮ್ಮ ಓಣಿಯಲ್ಲಿ ಸೀತವ್ವನಂಥ ಸಂಶಯದ ಪಿಶಾಚಿ ಇನ್ನೊಬ್ಬಳಿಲ್ಲ. ಗಿರಣಿಗೆ ಜೋಳ ಒಯ್ದರೆ ಹಿಟ್ಟು ಬೀಳುವವರೆಗೂ ಅಲ್ಲಿಂದ ಕದಲುವುದಿಲ್ಲ. ಒಮ್ಮೆ ಅವಳ ಬುಟ್ಟಿ ಕಾಣೆಯಾದಾಗ ಮೊದಲು ಹುಡುಕಿದ್ದು ಎದುರುಮನೆಯ ನನ್ನ ಹಿತ್ತಲನ್ನೇ. ಆ ಸಿಟ್ಟು ನನಗೆ ಇನ್ನೂ ಇತ್ತು.

ಅವಳ ಗಂಡ ಭರಮು ಇದ್ದಾಗ, ಮಳೆ ಹೊಡೆಯುವ ಪಡುವಣ ಗೋಡೆಗೆ ಅಲ್ಯೂಮಿನಿಯಂ ತಗಡಿನ ಪತ್ರಾ ಬಡಿದು ನೀಲಿ ಬಣ್ಣ ಬಳಿದಿದ್ದ. ಅವನು ತೀರಿಕೊಂಡ ಮೇಲೆ ಬಣ್ಣವೂ ಬಿಸಿಲಿಗೆ ಸತ್ತುಹೋಯಿತು. ಕೈ ಸವರಿದರೆ ಅಂಗೈಗೆ ಸುಣ್ಣದಂಥ ಪುಡಿ ಹತ್ತುತ್ತಿತ್ತು. ಅಂಗನವಾಡಿ ಸಹಾಯಕಿಯ ಸಂಬಳದಲ್ಲಿ ಉಳಿಸಿ, ಈ ಬೇಸಿಗೆಯಲ್ಲಿ ಬೋರಗಾಂವದ ಪೇಂಟರ್ ಕಾಸಿಮಸಾಬನನ್ನು ಕರೆಸಿದಳು.

ಅವನು ಬಣ್ಣದ ಡಬ್ಬಿ ಮುಚ್ಚಿಟ್ಟು, ಸೋಪಿನ ನೀರು, ಬ್ರಷ್ ಹಿಡಿದು ಪತ್ರಾ ತಿಕ್ಕತೊಡಗಿದ.

“ಡಬ್ಬಿ ಯಾಕ ತಗೀವಲ್ಲಿ? ನೀರಾಗ ದಿನಾ ಕಳೀತಿಯೇನು?”

“ಪುಡಿ ಹೋಗದ ಬಣ್ಣಾ ಹಿಡಿಯಂಗಿಲ್ರಿ ಕಾಕೂ. ಒಣಗಿದ ಮ್ಯಾಲ ಪ್ರೈಮರ್, ಆಮ್ಯಾಲ ಬಣ್ಣಾ.”

ಸೀತವ್ವ ನಂಬಲಿಲ್ಲ. ತೊಳೆದಲ್ಲೆಲ್ಲ ಅಂಗೈ ಉಜ್ಜಿ ಉಜ್ಜಿ ನೋಡಿದಳು.

ಆದರೆ ಅವಳ ಜೀವ ಇದ್ದದ್ದು ಬಾಗಿಲ ಪಕ್ಕದ ಪತ್ರಾದ ಮೇಲಿದ್ದ ಒಂದು ಕಾವಿ ಗೆರೆಯಲ್ಲಿ. ಹಿಂದೆ ಕೃಷ್ಣೆ ಉಕ್ಕಿ ಮನೆ ಹೊಕ್ಕಾಗ, ನೀರು ಇಳಿದ ಮೇಲೆ ಅದು ಏರಿದ್ದ ಎತ್ತರಕ್ಕೆ ಭರಮು ಕಾವಿಯಲ್ಲಿ ಬೆರಳು ಅದ್ದಿ ಎಳೆದ ಗೆರೆ ಅದು. ಸೂರಿನ ಕೆಳಗಿದ್ದದ್ದಕ್ಕೆ ಇಷ್ಟು ವರ್ಷ ಉಳಿದಿತ್ತು. ಭರಮುವಿನ ಬೆರಳ ಗುರುತೆಂದು ಅವಳಿಗೆ ಉಳಿದದ್ದೂ ಅದೊಂದೇ.

“ಗೆರಿ ಮುಟ್ಟಂಗಿಲ್ರಿ, ಸುತ್ತ ಬಿಟ್ಟು ಬಳೀತೀನಿ” ಎಂದು ಕಾಸಿಮಸಾಬ ಆಣೆ ಮಾಡಿದ.

“ಆಮ್ಯಾಲ ಕೈ ಜಾರಿತು ಅಂತಿ” ಎಂದವಳೇ ಸೀತವ್ವ ಗೆರೆಗೆ ಬೆನ್ನು ಕೊಟ್ಟು ಕುಳಿತುಬಿಟ್ಟಳು.

“ಪತ್ರಾಕ್ಕ ಆನಿಕೋಬ್ಯಾಡ್ರಿ ಕಾಕೂ.”

“ನನ್ನ ಎಬ್ಬಿಸಾಕ ನೋಡ್ತಿ?”

ಸಂಜೆಯವರೆಗೆ ಅಲ್ಲೇ ಕುಳಿತು ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಅವನು ಮೇಲೆ ಹೋದರೆ ಕತ್ತೆತ್ತಿದಳು, ಮೂಲೆಗೆ ಹೋದರೆ ವಾಲಿದಳು. ಕೊನೆಗೆ ಸೊಂಟ ಹಿಡಿದು ಎದ್ದು ಗೋಡೆಗೆ ತಿರುಗಿದರೆ ಗೆರೆಯಿಲ್ಲ!

“ಅಳಿಸಿದೆಲ್ಲೋ, ಹಾಳಾದವನೇ!” ಎಂದು ಅವನ ಮೇಲೆ ಏರಿಹೋದಳು.

ನನಗೆ ತಡೆಯಲಿಲ್ಲ. “ಸೀತಕ್ಕಾ, ನಿನ್ನ ಬೆನ್ನ ಮ್ಯಾಲಿನ ಸೆರಗು ನೋಡ” ಎಂದು ನನ್ನ ಕಟ್ಟೆಯಿಂದಲೇ ಕೂಗಿದೆ.

ಸೆರಗು ಮುಂದೆಳೆದು ನೋಡಿದಳು. ಬಿಳಿ ಪುಡಿಯ ನಡುವೆ ಕೆಂಪು ಪಟ್ಟಿ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅವಳು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಬುಟ್ಟಿಯ ಸಿಟ್ಟು ನನಗೆ ಎಲ್ಲಿ ಹೋಯಿತೋ, ಕಟ್ಟೆ ಇಳಿದು ಅವಳ ಬಳಿ ಹೋದೆ.

ಕಾಸಿಮಸಾಬ ಬ್ರಷ್ ಕೆಳಗಿಟ್ಟು ಬಂದ. “ಕಾಕೂ, ಸೆರಗು ಮೊದಲಿನಂಗ ಹೊದ್ಕೊಂಡು ಅಲ್ಲೇ ಕುಂದರ್ರಿ. ಎತ್ತರ ನಿಮ್ಮ ಬೆನ್ನ ಮ್ಯಾಲ ಐತಿ” ಎಂದ. ಅವಳು ಕುಳಿತಳು. ಅವನು ಪಟ್ಟಿಯ ಅಂಚಿಗೆ ಪತ್ರಾದ ಮೇಲೆ ಮೊಳೆಯಿಂದ ಸಣ್ಣ ಗೀರು ಹಾಕಿಕೊಂಡ.

ಆ ಜಾಗವನ್ನೂ ತೊಳೆದು ಬಳಿದ ಬಣ್ಣ ಒಣಗಿದ ಮೇಲೆ ಅವನು ಕೆಂಪು ಬಣ್ಣದಲ್ಲಿ ಬ್ರಷ್ ಅದ್ದಿ ಕೊಟ್ಟ. ಅವಳು ಬ್ರಷ್ ಬೇಡವೆಂದು, ತೋರುಬೆರಳು ಅದ್ದಿ ಆ ಗೀರಿನ ಎತ್ತರಕ್ಕೇ ಗೆರೆ ಎಳೆದಳು. ಹಿಂದೆ ಸರಿದು ಬಹಳ ಹೊತ್ತು ನೋಡಿದಳು.

“ಎತ್ತರ ಬರೋಬರ ಐತಿ ಕಾಸಿಮಣ್ಣಾ,” ಎಂದಳು. “ಬೆರಳ ಅವಂದಲ್ಲ.”