ಪೌಡರ್ ನನ್ನದು, ಮರ್ಯಾದೆ ಅವಳದು

ಗೆಳೆಯರೇ, ಇವತ್ತು ಬೆಳಿಗ್ಗೆ ಗಜೇಂದ್ರಗಡದ ನಮ್ಮ ಓಣಿಯಲ್ಲಿ ನೇಕಾರ ಕಾಕಾನ ಟ್ರಂಕಿನಿಂದ ಹೊಸ ಸೀರೆಯೊಂದು ಕಳುವಾಗಿತ್ತು. ಟೀವಿಯ ಕ್ರೈಮ್ ಧಾರಾವಾಹಿ ಒಂದನ್ನೂ ಬಿಡದ ನಾನು ಅವ್ವನ ಮುಖದ ಪೌಡರ್ ತಂದು ಟ್ರಂಕಿನ ಮೇಲೆ ಉದುರಿಸಿದೆ. ಬೆರಳಚ್ಚುಗಳು ಎದ್ದು ಕಂಡವು.

"ಇದನ್ನ ಕಂಪ್ಯೂಟರಿಗೆ ಹಾಕಿದ್ರ ಎರಡ ನಿಮಿಷದಾಗ ಕಳ್ಳನ ಫೋಟೋ ಬರ್ತೈತಿ ಕಾಕಾ!" ಎಂದೆ. ಓಣಿಯೆಲ್ಲ ನನ್ನನ್ನೇ ನೋಡುತ್ತಿತ್ತು.

ಅಷ್ಟರಲ್ಲಿ ಅತ್ತೆಯ ಮಗಳು ಸವಿತಾ ಬಂದಳು. ನನ್ನ ವಾರಿಗೆಯವಳೇ, ಧಾರವಾಡದಲ್ಲಿ ಫೊರೆನ್ಸಿಕ್ ಓದುತ್ತಿದ್ದಾಳೆ.

"ಹಂಗೆಲ್ಲಾ ಟೀವಿಯಾಗಷ್ಟ. ಖರೇ ಅಂದ್ರ ತಿಂಗಳಗಟ್ಟಲೆ ಕಾಯಬೇಕಾಗ್ತೈತಿ. ಇದರ ಮ್ಯಾಲ ಮನಿಮಂದಿ ಎಲ್ಲಾರ ಬೆರಳೂ ಅದಾವು" ಎಂದಳು.

"ಹಂಗಾರ ಕಳ್ಳ ಯಾರವಾ?" ಕಾಕಾ ಕೇಳಿದ.

"ಗೊತ್ತಿಲ್ಲ ಕಾಕಾ."

ಕಾಕಾ ತಲೆದೂಗಿದ. "ನೋಡ್ರಿ, ಓದಿದವರ ಮಾತಂದ್ರ ಹಿಂಗಿರಬೇಕು! ಏ, ತಂಗಿಗೆ ಚಾ ತರ್ರಿ." ನನ್ನ ಕಡೆ ತಿರುಗಿ, "ನೀ ಟ್ರಂಕ ಒರಸಲೇ" ಎಂದ.

ಅವಳು ಹೇಳಿದ್ದು ಸರಿ, ಒಪ್ಪುತ್ತೇನೆ. ಆದರೂ ಹೊಟ್ಟೆ ಉರಿಯುತ್ತಿದೆ. ಶಾಲೆಗೆ ಹೋಗುತ್ತಿದ್ದಷ್ಟು ವರ್ಷವೂ ಮಾಸ್ತರರು ಏನು ಕೇಳಿದರೂ ನಾನೂ "ಗೊತ್ತಿಲ್ಲ" ಎಂದೇ ಹೇಳುತ್ತಿದ್ದೆ. ಒಬ್ಬರೂ ಚಹಾ ಕೊಡಲಿಲ್ಲ.