ಎಡಕ್ಕೆ ತಿರುಗದ ಕುತ್ತಿಗೆ

ಜಿದ್ದಾದ ಬಂದರಿಗೆ ಬಂದಿಳಿಯುವ ಸರಕಿನ ವಿವರಗಳನ್ನು ಕಸ್ಟಮ್ಸ್‌ನವರಿಗಾಗಿ ಕಂಪ್ಯೂಟರಿನಲ್ಲಿ ತುಂಬಿಸುವ ಕೆಲಸ ನನ್ನದು. ಮೇಜಿನ ಒಂದು ಬದಿಗೆ ಕಾಗದದ ರಾಶಿ, ಎದುರಿಗೆ ಪರದೆ. ಕಾಗದ ನೋಡು, ಪರದೆ ನೋಡು, ಮತ್ತೆ ಕಾಗದ ನೋಡು. ವರ್ಷಗಟ್ಟಲೆ ನನ್ನ ಕುತ್ತಿಗೆ ಮಾಡಿದ್ದು ಇಷ್ಟೇ. ಹೆಗಲಿನ ಹಿಂದೆ ನೋವು ಶುರುವಾದಾಗ ಎ.ಸಿ.ಯ ಗಾಳಿಯನ್ನು ದೂರಿದೆ. ಹೆಂಡತಿ ಮುಲಾಮು ತಿಕ್ಕಿದಳು, ಬಿಸಿನೀರಿನ ಚೀಲ ಇಟ್ಟಳು. ನೋವು ಹೋಗುವ ಬದಲು ಕೆಳಗಿಳಿಯಿತು. ಹೆಗಲಿನಿಂದ ಮೊಣಕೈಗೆ, ಅಲ್ಲಿಂದ ಬಲಗೈಯ ಹೆಬ್ಬೆರಳಿಗೆ, ತೋರುಬೆರಳಿಗೆ. ಕೊನೆಗೆ ಆ ಬೆರಳುಗಳು ನನ್ನವೇ ಅಲ್ಲ ಅನ್ನಿಸುವಷ್ಟು ಜೋಮು ಹಿಡಿಯಿತು.

ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಗುಟ್ಟು ಹೊರಬಿದ್ದದ್ದು ಮಧ್ಯಾಹ್ನದ ನಮಾಜಿನಲ್ಲಿ. ನಮಾಜಿನ ಕೊನೆಗೆ ಮುಖವನ್ನು ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ ತಿರುಗಿಸಿ ಸಲಾಂ ಹೇಳಬೇಕು. ಬಲಕ್ಕೆ ಹೇಗೋ ತಿರುಗಿದೆ. ಎಡಕ್ಕೆ ತಿರುಗಲು ಹೋದಾಗ ಕಣ್ಣಿಗೆ ಕತ್ತಲೆ ಬಂದು, ಎದುರಿನ ಗೋಡೆಯನ್ನೇ ನೋಡುತ್ತಾ ಸಲಾಂ ಮುಗಿಸಿದೆ. ಎಡಕ್ಕೆ ಕುಳಿತಿದ್ದವರು ನನ್ನ ಪಕ್ಕದ ಮೇಜಿನವರು, ಉಡುಪಿ ಕಡೆಯ ಹಿರಿಯರು. ಅವರನ್ನು ನಾನು ಕಾಕ ಎಂದೇ ಕರೆಯುತ್ತಿದ್ದೆ.

"ಎಂತ ಮಾರಾಯ, ನನ್ನ ಕಡೆಗೆ ಸಲಾಂ ಹೇಳ್ಲೇ ಇಲ್ಲ?" ಅವರು ನಗುತ್ತಾ ಕೇಳಿದರು.

"ಕುತ್ತಿಗೆ ತಿರುಗುದಿಲ್ಲ ಕಾಕ."

ಅವರ ನಗು ನಿಂತಿತು. ಆಚೀಚೆ ನೋಡಿ ಅಂಗಿಯ ತೋಳು ಮೇಲೆ ಸರಿಸಿದರು. ಮಣಿಕಟ್ಟಿನಿಂದ ಮೊಣಕೈವರೆಗೆ ಬಿಗಿಯಾಗಿ ಪಟ್ಟಿ ಸುತ್ತಿತ್ತು. "ನಂದು ಶುರುವಾಗಿ ವರ್ಷವೇ ಆಯ್ತು. ಮಲಗ್ಲಿಕ್ಕೆ ಆಗುದಿಲ್ಲ, ಕುರ್ಚಿಯಲ್ಲಿ ಕೂತೇ ನಿದ್ದೆ. ಮ್ಯಾನೇಜರಿಗೆ ಮಾತ್ರ ಗೊತ್ತಾಗ್ಬಾರ್ದು, ಆಯ್ತಾ?"

ಅವರೇ ಒತ್ತಾಯ ಮಾಡಿ ನನ್ನನ್ನು ಡಾಕ್ಟರ ಹತ್ತಿರ ಕಳುಹಿಸಿದರು. ಕುತ್ತಿಗೆಯ ಡಿಸ್ಕ್ ಜಾರಿ ನರವನ್ನು ಒತ್ತುತ್ತಿದೆ, ಕೆಲವು ವಾರ ಕಂಪ್ಯೂಟರಿನ ಹತ್ತಿರವೂ ಸುಳಿಯಬೇಡಿ, ಹೀಗೇ ಬಿಟ್ಟರೆ ಬೆರಳಿನ ಶಕ್ತಿ ವಾಪಸು ಬರದೇ ಹೋಗಬಹುದು ಎಂದರು ಡಾಕ್ಟರ್. ನಾನು ಕೇಳಿದ್ದು ಒಂದೇ, "ಮಾತ್ರೆಯಲ್ಲಿ ಕಡಿಮೆಯಾಗುವುದಿಲ್ಲವಾ?" ನನ್ನ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ನಿಂತಿರುವುದು ಈ ಕೆಲಸದ ಮೇಲೆ. ಹೆಂಡತಿ, ಮಗಳು ಇಲ್ಲಿರುವುದು ನನ್ನ ಇಕಾಮಾದ ಮೇಲೆ. ಮಾತ್ರೆ ನುಂಗಿ ಮರುದಿನವೂ ಅದೇ ಕುರ್ಚಿಯಲ್ಲಿ ಕುಳಿತೆ.

ಮನೆಯಲ್ಲಿ ಹೆಂಡತಿ ನನ್ನ ಅಂಗಿಯ ಗುಂಡಿ ಹಾಕತೊಡಗಿದಳು. ಚಹಾದ ಲೋಟ ಎರಡು ಸಲ ಕೈಯಿಂದ ಜಾರಿದ ಮೇಲೆ ಸ್ಟೀಲಿನದ್ದರಲ್ಲೇ ಕೊಟ್ಟಳು, ಅದೂ ಅರ್ಧ ತುಂಬಿಸಿ.

"ಊರಿಗೆ ಹೋಗುವ. ಕೈ ಸರಿಯಾದ್ಮೇಲೆ ನೋಡುವ," ಎಂದಳು ಒಂದು ದಿನ.

"ಊರಲ್ಲಿ ಎಂತ ಮಾಡುದು? ಅಲ್ಲಿಗೂ ಇದೇ ಕೈ ಅಲ್ವಾ ಬರುದು?" ಎಂದು ರೇಗಿದೆ. ಅವಳು ಅಡುಗೆಮನೆಗೆ ಹೋದಳು. ನಲ್ಲಿಯ ನೀರು ಸುಮ್ಮನೆ ಹರಿಯುತ್ತಿರುವ ಸದ್ದು ತುಂಬ ಹೊತ್ತು ಕೇಳುತ್ತಿತ್ತು.

ಒಂದು ಮಧ್ಯಾಹ್ನ ಮಗಳನ್ನು ಶಾಲೆಯಿಂದ ಕಾರಿನಲ್ಲಿ ಕರೆತರುತ್ತಿದ್ದೆ. ಸರ್ವಿಸ್ ರಸ್ತೆಯಿಂದ ದೊಡ್ಡ ರಸ್ತೆಗೆ ಸೇರುವಾಗ ಕನ್ನಡಿಯಲ್ಲಿ ಯಾರೂ ಕಾಣಲಿಲ್ಲ. ಎಡಕ್ಕೆ ಒಮ್ಮೆ ತಿರುಗಿ ನೋಡಬೇಕಿತ್ತು. ಕುತ್ತಿಗೆ ಬರಲಿಲ್ಲ. ಇರಲಿ ಎಂದು ಕಾರು ನುಗ್ಗಿಸಿದೆ. ಕಿವಿ ಹರಿಯುವಂಥ ಹಾರ್ನ್, ಟೈರು ಉಜ್ಜಿದ ಸದ್ದು, ಮಗಳ ಚೀರಾಟ. ಒಂದು ಬಿಳಿ ಜೀಪು ನಮ್ಮನ್ನು ಸವರಿಕೊಂಡೇ ದಾಟಿ ಮುಂದೆ ಹೋಗಿ ನಿಂತಿತು. ಅದರಿಂದಿಳಿದ ಸೌದಿ ಯುವಕ ಕೂಗಾಡುತ್ತಲೇ ಬಂದ. ಹಿಂದಿನ ಸೀಟಿನಲ್ಲಿ ಅಳುತ್ತಿದ್ದ ಮಗುವನ್ನು ಕಂಡು ಅವನ ದನಿ ತಗ್ಗಿತು. "ಇವಳಿಗಾಗಿಯಾದರೂ ನೋಡಿಕೊಂಡು ಓಡಿಸು," ಎಂದು ಅರಬ್ಬಿಯಲ್ಲಿ ಹೇಳಿ ಹೊರಟುಹೋದ.

"ಉಪ್ಪಾ, ವೈ ಡಿಡಂಟ್ ಯು ಲುಕ್?" ಮಗಳು ಬಿಕ್ಕುತ್ತಾ ಕೇಳಿದಳು. ಅವಳನ್ನು ಸಮಾಧಾನ ಮಾಡಲೆಂದು ತಿರುಗಲೂ ನನ್ನಿಂದಾಗಲಿಲ್ಲ. ಸ್ಟೀರಿಂಗಿಗೆ ಹಣೆಯಿಟ್ಟು ನಾನೂ ಅತ್ತೆ.

ಮರುದಿನ ಮ್ಯಾನೇಜರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಗುಣವಾಗಲು ಎಷ್ಟು ಕಾಲ ಬೇಕು?" ಎಂದರು. ಗೊತ್ತಿಲ್ಲ ಎಂದೆ. "ನಿಮಗೇ ಗೊತ್ತಿಲ್ಲದಿದ್ದರೆ ಆ ಕುರ್ಚಿಯನ್ನು ನಾನು ಯಾರಿಗೆ ಕೊಡಲಿ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಬಾಗಿಲ ಹತ್ತಿರ ಕಾಕ ನಿಂತಿದ್ದರು. ಯಾವಾಗ ಬಂದರೋ ತಿಳಿಯದು. ತೋಳು ಮೇಲೆ ಸರಿಸಿ, "ಸರ್, ನನ್ನದೂ ಇದೇ. ಇವನೊಬ್ಬನದ್ದಲ್ಲ," ಎಂದರು.

ನನಗೆ ಸಂಬಳವಿಲ್ಲದ ರಜೆ ಸಿಕ್ಕಿತು. ಕಾಕನಿಗೆ ವಯಸ್ಸಾಗಿದೆ ಎಂದು ಫೈನಲ್ ಎಕ್ಸಿಟ್ ಹಾಕಿ, ಕೆಲಸವನ್ನೇ ಮುಗಿಸಿ ಊರಿಗೆ ಕಳುಹಿಸಿದರು.

ಅವರನ್ನು ಬೀಳ್ಕೊಡಲು ಟ್ಯಾಕ್ಸಿಯಲ್ಲಿ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಚಾಲಕ ಡಿಕ್ಕಿ ತೆರೆದು ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಾ ದೂರ ಹೋದ. ಒಳಗೆ ಅವರ ದೊಡ್ಡ ಸೂಟ್‌ಕೇಸು. ಅವರು ಹಿಡಿ ಹಿಡಿದರು, ಬಿಟ್ಟರು. ನಾನು ಹಿಡಿದೆ, ಬಿಟ್ಟೆ. ಗಂಡಸರಿಬ್ಬರು ಒಂದು ಪೆಟ್ಟಿಗೆಯ ಮುಂದೆ ಕೈಕಟ್ಟಿ ನಿಂತೆವು. ಕೊನೆಗೆ ನಿಲ್ದಾಣದ ಹಮಾಲಿಯೊಬ್ಬ ಬಂದು ಎತ್ತಿ ಗಾಡಿಗೆ ಹಾಕಿದ.

"ನೀವು ಅಲ್ಲಿ ಬಾಯಿ ಬಿಡ್ಬಾರ್ದಿತ್ತು ಕಾಕ," ಎಂದೆ.

"ನನಗೆ ಸಾಕಾಗಿತ್ತು ಮಾರಾಯ. ಒಮ್ಮೆ ಅಡ್ಡ ಬಿದ್ದು ಮಲಗ್ಬೇಕು, ಅಷ್ಟೇ."

ರಜೆ ಮುಗಿಸಿ ನಾನು ಕೆಲಸಕ್ಕೆ ಮರಳಿದೆ. ಚಿಕಿತ್ಸೆಯಿಂದ ನೋವು ತುಸು ತಗ್ಗಿದೆ. ಹೆಬ್ಬೆರಳಿಗೆ ಮಾತ್ರ ಬಲ ಬಂದಿಲ್ಲ. ಮೌಸನ್ನು ಎಡಗೈಗೆ ಹಾಕಿಕೊಂಡಿದ್ದೇನೆ, ಅರ್ಧ ಕೆಲಸವೂ ಸಾಗುವುದಿಲ್ಲ. ಈಚೆಗೆ ಎಡ ಮಣಿಕಟ್ಟಿನಲ್ಲೂ ಚಳುಕು ಶುರುವಾಗಿದೆ. ಇಕಾಮಾ ನವೀಕರಿಸುವ ಕಾಲ ಹತ್ತಿರ ಬಂದಿದೆ. ಮ್ಯಾನೇಜರ್ ಏನೂ ಹೇಳುವುದಿಲ್ಲ, ಕೇಳಲು ನನಗೆ ಧೈರ್ಯವಿಲ್ಲ. ಸಂಜೆ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನನ್ನ ಮುಖ ನೋಡುತ್ತಾಳೆ.

"ಎಂತಾದ್ರೂ ಹೇಳಿದ್ರಾ?"

ಇಲ್ಲ ಅನ್ನುತ್ತೇನೆ.